ಹಳೆಯ ಪಾತ್ರೆಗೆ ಹೊಸ ಕಲಾಯಿ

ಚೆನ್ನೈಯಲ್ಲಿ ನೆಲೆಸಿದ ನಮ್ಮ ಹಿರಿಯರು ಊರಿನಿಂದ ತಂದ ಹಿತ್ತಾಳೆಯ ಪಾತ್ರೆಗಳು ಇಂದು ಅನೇಕ ಮನೆಗಳಲ್ಲಿ ಅಟ್ಟವನ್ನು ಸೇರಿವೆ. ಒಳಗಿನ ಬಿಳುಪು ಮಾಸಿತೆಂದು ಅವುಗಳನ್ನು ತೂಕಕ್ಕೆ ಮಾರಿಬಿಡುವುದೂ ಉಂಟು. ವಾಸ್ತವವಾಗಿ ಸವೆದಿರುವುದು ಕಲಾಯಿ ಮಾತ್ರ. ಪಾತ್ರೆ ಇನ್ನೂ ಗಟ್ಟಿಯಾಗಿಯೇ ಇರುತ್ತದೆ.

ಹಿತ್ತಾಳೆಯು ತಾಮ್ರ ಮತ್ತು ಸತುವುಗಳ ಮಿಶ್ರಲೋಹ. ಹುಣಸೆಹಣ್ಣು, ಮಜ್ಜಿಗೆ, ನಿಂಬೆಯಂತಹ ಹುಳಿ ಪದಾರ್ಥಗಳು ತಾಮ್ರವನ್ನು ಕರಗಿಸುವುದರಿಂದ ಅಡುಗೆ ಕಿಲುಬುತ್ತದೆ. ಅದನ್ನು ಉಂಡವರಿಗೆ ವಾಂತಿ, ಹೊಟ್ಟೆನೋವು ಬರಬಹುದು. ಇದನ್ನು ತಡೆಯಲೆಂದೇ ಪಾತ್ರೆಯ ಒಳಮೈಗೆ ತವರದ ತೆಳುವಾದ ಲೇಪ ಕೊಡಲಾಗುತ್ತದೆ. ಇದೇ ಕಲಾಯಿ. ಬಿಳುಪಿನ ನಡುವೆ ಹಳದಿ ಬಣ್ಣ ಇಣುಕಿದರೆ ಮತ್ತೆ ಕಲಾಯಿ ಹಾಕಿಸುವ ಕಾಲ ಬಂದಿದೆಯೆಂದು ತಿಳಿಯಬೇಕು.

ಕಲಾಯಿಗಾರರು ಪಾತ್ರೆಯನ್ನು ಉಜ್ಜಿ ಶುಚಿಗೊಳಿಸಿ, ಇದ್ದಿಲಿನ ಬೆಂಕಿಯಲ್ಲಿ ಕಾಯಿಸುತ್ತಾರೆ. ಕಾದ ಲೋಹಕ್ಕೆ ನವಸಾಗರದ ಪುಡಿಯನ್ನು ಉದುರಿಸಿದಾಗ ಬಿಳಿಯ ಹೊಗೆಯೆದ್ದು, ಮೇಲ್ಮೈಯ ಕಿಲುಬು ಕಳೆದು, ತವರ ಹಿಡಿಯಲು ಅನುವಾಗುತ್ತದೆ. ತವರದ ಕಡ್ಡಿಯನ್ನು ತಾಗಿಸಿದೊಡನೆ ಅದು ಕರಗುತ್ತದೆ. ಅದನ್ನು ಹತ್ತಿಯಿಂದ ಒಳಗೆಲ್ಲ ಸವರಿ ನೀರಿನಲ್ಲಿ ಅದ್ದಿದರೆ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತದೆ. ತವರದಲ್ಲಿ ಸೀಸ ಬೆರೆತಿದ್ದರೆ ಆರೋಗ್ಯಕ್ಕೆ ಹಾನಿಕರ. ಆದುದರಿಂದ ಶುದ್ಧ ತವರವನ್ನೇ ಬಳಸುವರೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಅಗತ್ಯ.

ತವರವು 232 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಪಾತ್ರೆಯಲ್ಲಿ ನೀರಿರುವವರೆಗೆ ಶಾಖವು ಆ ಮಟ್ಟಕ್ಕೆ ಏರದು. ಆದ್ದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬಾರದು; ಒರಟಾದ ಉಕ್ಕಿನ ನಾರಿನಿಂದ ಉಜ್ಜಲೂಬಾರದು. ತಮಿಳರ ರಸದ ಈಯಚೊಂಬು ಪೂರ್ತಿ ತವರದ್ದೇ. ನಮ್ಮ ನೆರೆಮನೆಯವರು ಅದನ್ನು ಬರಿದಾಗಿ ಒಲೆಗೇರಿಸದಿರುವುದೂ ಇದೇ ಕಾರಣಕ್ಕೆ.

ಈ ವಿವೇಕ ಪಾತ್ರೆಗಳಿಗಷ್ಟೇ ಸೀಮಿತವಲ್ಲ. ವಿದ್ಯುನ್ಮಾನ ಉಪಕರಣಗಳ ಬಿಡಿಭಾಗಗಳಿಗೆ ಹೆಸರಾದ ರಿಚಿ ಸ್ಟ್ರೀಟ್ ನಮ್ಮ ನಗರದಲ್ಲೇ ಇದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭವಾದ ‘ರಿಪೇರಿ ಕೆಫೆ’ 2015ರಲ್ಲಿ ಬೆಂಗಳೂರಿಗೂ ಬಂದಿತು. ಅಲ್ಲಿ ಸ್ವಯಂಸೇವಕರು ಜೊತೆಗೆ ಕುಳಿತು ಜನರಿಗೆ ತಮ್ಮ ವಸ್ತುಗಳನ್ನು ಸರಿಪಡಿಸಿಕೊಳ್ಳಲು ನೆರವಾಗುತ್ತಾರೆ. ಇತ್ತ ನಾವು ಬಿಸುಟ ವಸ್ತುಗಳು ದಶಕಗಳ ಕಾಲ ಪೆರುಂಗುಡಿಯಲ್ಲಿ ಗುಡ್ಡೆಯಾಗಿ, ಪಳ್ಳಿಕರಣೈ ಜೌಗುಭೂಮಿಯ ಒಂದು ಭಾಗವನ್ನೇ ನುಂಗಿದವು. ಆ ಜೌಗುಭೂಮಿ 2022ರಲ್ಲಿ ರಾಮ್‌ಸರ್ ತಾಣವೆಂದು ಮಾನ್ಯತೆ ಪಡೆದಿದೆ.

ಕೆಲಸ ದೊರೆತರೆ ಮಾತ್ರ ಕಸುಬು ಉಳಿಯುತ್ತದೆ. ಮುಂದಿನ ಹಬ್ಬಕ್ಕೆ ಮುನ್ನ ಅಟ್ಟದಿಂದ ಒಂದು ಪಾತ್ರೆಯನ್ನಾದರೂ ಇಳಿಸಿ ಕಲಾಯಿ ಹಾಕಿಸೋಣ. ಅಜ್ಜಿಯ ಪಾತ್ರೆಯಲ್ಲಿ ಕುದಿದ ಸಾರಿನ ರುಚಿ ಮೊಮ್ಮಕ್ಕಳಿಗೂ ದೊರೆಯಲಿ.