ಹೊಳೆಯುವ ಕುಡುಗೋಲು ಯಾಕೆ ಕೊಯ್ಯುವುದಿಲ್ಲ?



ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿಟ್ಟ ಕುಡುಗೋಲುಗಳನ್ನು ಒಮ್ಮೆ ಎಣಿಸಿ ನೋಡಿ. ಮೂರೋ ನಾಲ್ಕೋ ಇರುತ್ತವೆ. ದಿನಾ ಕೈಗೆ ಬರುವುದು ಮಾತ್ರ ಒಂದೇ, ಅದೂ ಸವೆದು ಅರ್ಧವಾದ ಹಳೆಯದು. ಉಳಿದವು ಸಂತೆಯಿಂದಲೋ, ಹಾರ್ಡ್‌ವೇರ್ ಅಂಗಡಿಯಿಂದಲೋ ಬಂದವು, ಇಲ್ಲವೇ ಮಗ ಫೋನಿನಲ್ಲಿ ತರಿಸಿಕೊಟ್ಟವು. ತಂದ ದಿನ ಕನ್ನಡಿಯಂತೆ ಹೊಳೆಯುತ್ತಿದ್ದವು. ವಾರ ಕಳೆಯುವುದರೊಳಗೆ ಹುಲ್ಲನ್ನು ಕೊಯ್ಯುವ ಬದಲು ಬಗ್ಗಿಸಿ ಹಾಕತೊಡಗಿದವು. ಬಿಸಾಡಲು ಮನಸ್ಸಿಲ್ಲದೆ ಸೂರು ಸೇರಿದವು.

ಇದು ಬರೀ ಕಾಸಿನ ಲೆಕ್ಕವಲ್ಲ. ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 20ರಿಂದ 25 ಕಿಲೋ ಹಸಿರು ಮೇವು ಬೇಕು. ಎರಡು ಹಸು ಕಟ್ಟಿದ ಮನೆಯಲ್ಲಿ ಅಷ್ಟು ಹುಲ್ಲು ಕೊಯ್ಯಲು ಮಣಿಕಟ್ಟು ನೂರಾರು ಸಲ ತಿರುಗಬೇಕು. ಅಲಗು ಮೊಂಡಾದರೆ ಅದರ ಕೆಲಸವನ್ನು ಭುಜ ಮಾಡಬೇಕಾಗುತ್ತದೆ. ನಮ್ಮ ಕಡೆ ಕೊಯ್ಯುವವರು ಹೆಚ್ಚಾಗಿ ಹೆಂಗಸರು, ಕುಡುಗೋಲು ಕೊಂಡು ತರುವವರು ಹೆಚ್ಚಾಗಿ ಗಂಡಸರು. ಸೂರಿನ ಮೇಲೆ ಕುಡುಗೋಲು ಸೇರಿಕೊಳ್ಳಲು ಅದೂ ಒಂದು ಕಾರಣ.

ಹೊಳಪು ಬೇರೆ, ಹದ ಬೇರೆ

ಮೆತ್ತನೆಯ ಕಬ್ಬಿಣಕ್ಕೆ ಎಷ್ಟೇ ಸಾಣೆ ಹಿಡಿದರೂ ಅಂಚು ನಿಲ್ಲುವುದಿಲ್ಲ. ಅದರಲ್ಲಿ ಸ್ವಲ್ಪ ಇಂಗಾಲ ಸೇರಿದರೆ ಅದು ಉಕ್ಕಾಗುತ್ತದೆ. ನೂರು ಪಾಲಿನಲ್ಲಿ ಅರ್ಧ ಪಾಲಿನಷ್ಟು ಇಂಗಾಲವಿದ್ದರೂ ಸಾಕು, ಕೆಂಪಗೆ ಕಾಯಿಸಿ ತಟ್ಟನೆ ಅದ್ದಿದಾಗ ಗಟ್ಟಿಯಾಗುತ್ತದೆ. ಗೇಟು, ಕಿಟಕಿಗೆ ಬಳಸುವ ಸಾಧಾರಣ ಕಬ್ಬಿಣದ ಪಟ್ಟಿಯಲ್ಲಿ ಇಂಗಾಲ ಅದಕ್ಕಿಂತ ತುಂಬಾ ಕಡಿಮೆ. ಅದನ್ನು ಹತ್ತು ಸಲ ಕಾಯಿಸಿ ಅದ್ದಿದರೂ ಅಲಗಿಗೆ ಬೇಕಾದ ಗಟ್ಟಿತನ ಬರುವುದಿಲ್ಲ.

ಈ ಗುಟ್ಟು ನಮ್ಮ ಸೀಮೆಯ ಕಮ್ಮಾರರಿಗೆ ಹೊಸದಲ್ಲ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಮಧುಗಿರಿ ಕಡೆಯ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ಅಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಇಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರಂತೆ. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಇಳಿಯುತ್ತಿತ್ತು. ಆ ಉಕ್ಕಿನಿಂದ ಕಲ್ಲುಕುಟಿಗರ ಉಳಿ ಮಾಡುತ್ತಿದ್ದರು. ನಮ್ಮ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿಯನ್ನೇ ಎಳೆಯುತ್ತಿದ್ದರು.

ಉಕ್ಕು ಒಳ್ಳೆಯದಿದ್ದರಷ್ಟೇ ಸಾಲದು, ಹದ ಬೇಕು. ಬೆಲ್ಲದ ಪಾಕವನ್ನು ನೆನಪಿಸಿಕೊಳ್ಳಿ. ಬೇಗ ಇಳಿಸಿದರೆ ಉಂಡೆ ನಿಲ್ಲುವುದಿಲ್ಲ, ತಡವಾದರೆ ಹಲ್ಲಿಗೆ ಕಲ್ಲು. ಅಲಗೂ ಹಾಗೆಯೇ. ಕೆಂಪಗೆ ಕಾದ ಉಕ್ಕನ್ನು ಅದ್ದಿದ ಕೂಡಲೇ ಅದು ಗಾಜಿನಂತೆ ಪೆಡಸಾಗಿರುತ್ತದೆ, ಕಲ್ಲಿಗೆ ತಗುಲಿದರೆ ಚಕ್ಕೆ ಏಳುತ್ತದೆ. ಅದಕ್ಕೇ ಕಮ್ಮಾರರು ಅಂಚನ್ನು ಸ್ವಲ್ಪ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಸಣ್ಣ ಕಾವು ಕೊಡುತ್ತಾರೆ. ಆಗ ಅಲಗಿನ ಮೇಲೆ ಬಣ್ಣ ಓಡುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಯಾವ ಬಣ್ಣಕ್ಕೆ ನಿಲ್ಲಿಸಬೇಕು ಎಂಬುದೇ ಅವರ ವಿದ್ಯೆ. ಹಳದಿಯಲ್ಲಿ ನಿಲ್ಲಿಸಿದರೆ ಗಟ್ಟಿತನ ಹೆಚ್ಚು, ನೇರಳೆಯ ಹೊತ್ತಿಗೆ ತಾಳಿಕೆ ಹೆಚ್ಚು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಅಗ್ಗದ ಕುಡುಗೋಲಿಗೆ ಈ ಎರಡನೇ ಕಾವು ಸರಿಯಾಗಿ ಸಿಕ್ಕಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಪಾಲಿಶ್ ಮಾತ್ರ.

ಅಯಸ್ಕಾಂತ ತೆಗೆದುಕೊಂಡು ಹೋಗಿ

ತುಕ್ಕು ಹಿಡಿಯುವುದಿಲ್ಲ ಎಂದು ಸ್ಟೀಲ್ ಕುಡುಗೋಲನ್ನು ಮೆಚ್ಚಿ ಕೊಂಡವರು ಬಹಳ. ಸ್ಟೀಲಿನಲ್ಲಿ ಎರಡು ಜಾತಿ. ಊಟದ ತಟ್ಟೆ, ಲೋಟಕ್ಕೆ ಹೆಚ್ಚಾಗಿ ಬಳಸುವ ಸ್ಟೀಲನ್ನು ಕಾಯಿಸಿ ಗಟ್ಟಿ ಮಾಡಲು ಆಗುವುದಿಲ್ಲ, ಅದಕ್ಕೆ ಅಯಸ್ಕಾಂತ ಅಂಟುವುದೂ ಇಲ್ಲ. ಒಳ್ಳೆಯ ಚಾಕುಗಳಿಗೆ ಬಳಸುವ ಸ್ಟೀಲಿಗೆ ಅಯಸ್ಕಾಂತ ಬಿಗಿಯಾಗಿ ಅಂಟುತ್ತದೆ. ಹಾಗಾಗಿ ಗುಜರಿ ಅಂಗಡಿಯಿಂದ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ತಂದು ಬ್ಯಾಗಿನಲ್ಲಿಟ್ಟುಕೊಳ್ಳಿ. ಹೊಳೆಯುವ ಅಲಗಿಗೆ ಅದು ಅಂಟದಿದ್ದರೆ, ಅಥವಾ ಸಡಿಲವಾಗಿ ಅಂಟಿ ಜಾರಿದರೆ, ಆ ಕುಡುಗೋಲು ನಿಮಗೆ ಬೇಡ. ಅಂಟಿದ್ದೆಲ್ಲ ಒಳ್ಳೆಯದು ಎಂದೂ ತಿಳಿಯಬೇಡಿ. ಗೇಟಿನ ಕಬ್ಬಿಣಕ್ಕೂ ಅಯಸ್ಕಾಂತ ಅಂಟುತ್ತದೆ.

ಅಂಟಿದವುಗಳಲ್ಲಿ ಆರಿಸಲು ಒಂದು ಸಣ್ಣ ಅರ ಸಾಕು. ಹಿಡಿಯ ಹತ್ತಿರದ ಹದವಿಲ್ಲದ ಭಾಗದಲ್ಲಿ ಒಮ್ಮೆ ಎಳೆಯಿರಿ, ಆಮೇಲೆ ಅಂಚಿನ ಮೂಲೆಯಲ್ಲಿ ಒಮ್ಮೆ ಎಳೆಯಿರಿ. ಎರಡೂ ಕಡೆ ಒಂದೇ ರೀತಿ ಬೆಣ್ಣೆಯಂತೆ ಕಚ್ಚಿದರೆ ಹದ ಹಾಕಿಲ್ಲ ಎಂದರ್ಥ. ಅಂಚಿನಲ್ಲಿ ಅರ ಸ್ವಲ್ಪ ಜಾರಿದಂತಾಗಬೇಕು. ಪೂರ್ತಿ ಗಾಜಿನ ಮೇಲೆ ಎಳೆದಂತೆ ಜಾರಿದರೆ ಅದು ಪೆಡಸು, ಚಕ್ಕೆ ಏಳುವ ಜಾತಿ. ಅಂಗಡಿಯವರು ಅರ ಮುಟ್ಟಿಸಲು ಬಿಡದಿದ್ದರೆ ಒಂದೇ ಕುಡುಗೋಲು ಕೊಂಡು ಮನೆಯಲ್ಲಿ ಪರೀಕ್ಷೆ ಮಾಡಿ. ಅಲಗನ್ನು ಬೆರಳುಗುರಿನಿಂದ ತಟ್ಟಿ ಠಣ್ ಎನ್ನುತ್ತದೆಯೇ ಎಂದು ಕೇಳುವ ವಾಡಿಕೆ ಇದೆ. ಅದರಿಂದ ಬಿರುಕು, ಹಿಡಿಯ ಸಡಿಲ ಗೊತ್ತಾಗಬಹುದು, ಹದ ಗೊತ್ತಾಗುವುದಿಲ್ಲ.

‘ಲಾರಿ ಪ್ಲೇಟಿನದು ಅಕ್ಕಾ’ ಎಂಬ ಮಾತು ಸಂತೆಯಲ್ಲಿ ಎಲ್ಲ ಮಚ್ಚಿಗೂ ಕೇಳಿಬರುತ್ತದೆ. ನಿಜವಾಗಿ ಲಾರಿಯ ಕಮಾನು ಪಟ್ಟಿಯಿಂದ ತಟ್ಟಿದ್ದಾದರೆ ಅದು ಒಳ್ಳೆಯ ಉಕ್ಕೇ, ಇಂಗಾಲ ಬೇಕಾದಷ್ಟಿರುತ್ತದೆ. ಆದರೆ ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯೊಳಗೆ ಕೂದಲೆಳೆಯಂಥ ಬಿರುಕು ಇರಬಹುದು. ಅಂಥ ಉಕ್ಕನ್ನು ಎಣ್ಣೆಯಲ್ಲಿ ಅದ್ದದೆ ನೀರಿನಲ್ಲಿ ಅದ್ದಿದರೆ ಹೊಸ ಬಿರುಕೂ ಏಳಬಹುದು. ಬಿಸಿಲಿಗೆ ಹಿಡಿದು ಅಂಚಿನುದ್ದಕ್ಕೂ ನೋಡಿ ಕೊಳ್ಳಿ. ನೇಪಿಯರ್ ದಂಟು, ಜೋಳದ ಕಡ್ಡಿ ಕಡಿಯುವ ಮಚ್ಚು ಮುರಿದರೆ ತುಂಡು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು.

ಕಕ್ಕು ಇರುವ ಕುಡುಗೋಲಿನ ವಿಷಯ ಬೇರೆ. ರಾಗಿ, ಭತ್ತದ ತೆನೆಗೆ, ಹಿಡಿದು ಎಳೆದು ಕೊಯ್ಯುವುದಕ್ಕೆ ಅದು ಹಗುರ, ಸಲೀಸು. ಭೋಪಾಲದ ಕೇಂದ್ರ ಕೃಷಿ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ‘ನವೀನ್’ ಕುಡುಗೋಲು ಆ ಜಾತಿಯದು. ಅದನ್ನು ಬೀಸಿ ಹುಲ್ಲು ಕೊಯ್ಯಲು ಹೋದರೆ ನಿರಾಸೆಯಾಗುತ್ತದೆ, ಕಕ್ಕು ಸವೆದ ಮೇಲೆ ಮನೆಯ ಕಲ್ಲಿನಲ್ಲಿ ಮಸೆಯಲೂ ಬರುವುದಿಲ್ಲ. ತಪ್ಪು ಕುಡುಗೋಲಿನದಲ್ಲ, ಕೆಲಸ ಬೇರೆಯದು.

ಗ್ರೈಂಡರಿನ ನೀಲಿ

ಪೀಣ್ಯ, ಬೊಮ್ಮಸಂದ್ರ, ಜಿಗಣಿ, ವೈಟ್‌ಫೀಲ್ಡ್ ಸುತ್ತಿನ ಹಳ್ಳಿಗಳಲ್ಲಿ ಕುಲುಮೆಗಳು ಕಡಿಮೆಯಾಗಿ ವೆಲ್ಡಿಂಗ್ ಅಂಗಡಿಗಳು ಬಂದಿವೆ. ಕುಡುಗೋಲು ಕೊಟ್ಟರೆ ಕೈ ಗ್ರೈಂಡರ್ ಹಿಡಿದು ಎರಡು ನಿಮಿಷದಲ್ಲಿ ಕಿಡಿ ಹಾರಿಸಿ ಕೊಡುತ್ತಾರೆ. ಅಂಚಿನಲ್ಲಿ ನೀಲಿ ಗೆರೆ ಮೂಡಿದೆಯೇ ನೋಡಿ. ಮೂಡಿದ್ದರೆ ಅಷ್ಟುದ್ದದ ಹದ ಇಳಿದುಹೋಗಿದೆ. ತೆಳುವಾದ ಅಂಚು ಕ್ಷಣದಲ್ಲಿ ಕಾಯುತ್ತದೆ, ಕಮ್ಮಾರರು ಎಚ್ಚರದಿಂದ ನಿಲ್ಲಿಸಿದ ಬಣ್ಣವನ್ನು ಗ್ರೈಂಡರ್ ದಾಟಿ ಹೋಗುತ್ತದೆ. ‘ಸಾಣೆ ಹಿಡಿಸಿದ ಮೇಲೆ ಮೊದಲಿಗಿಂತ ಬೇಗ ಮೊಂಡಾಯಿತು’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಈ ನೀಲಿ ಇರುತ್ತದೆ. ಆ ಭಾಗ ಸವೆಯುವವರೆಗೆ ಕಲ್ಲಿನಲ್ಲಿ ಮಸೆಯಬೇಕು, ಇಲ್ಲವೇ ಕುಲುಮೆಗೆ ಒಯ್ದು ಮತ್ತೆ ಹದ ಹಾಕಿಸಬೇಕು. ಗ್ರೈಂಡರೇ ಗತಿ ಎಂದಾದರೆ ಪಕ್ಕದಲ್ಲಿ ನೀರಿನ ಬಕೆಟ್ ಇಡಿಸಿ, ಬರಿಗೈಯಲ್ಲಿ ಮುಟ್ಟಲಾಗದಷ್ಟು ಬಿಸಿಯಾಗುವ ಮೊದಲೇ ಅದ್ದಲು ಹೇಳಿ. ಸೈಕಲ್ ಚಕ್ರ ತುಳಿದು ಸಾಣೆ ಹಿಡಿಯುವವರು ಬಂದರೆ ಅವರಿಗೇ ಕೊಡಿ, ಅವರ ಕಲ್ಲು ನಿಧಾನ.

ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಮನೆಗಳಲ್ಲಿ ಇನ್ನೊಂದು ಚಾಕು ಕಾಣಸಿಗುತ್ತದೆ. ಕಬ್ಬಿಣ ಕೊಯ್ಯುವ ಯಂತ್ರದ ಸವೆದ ಹ್ಯಾಕ್ಸಾ ಬ್ಲೇಡಿಗೆ ಹಿಡಿ ಹಾಕಿದ್ದು. ಅದು ವರ್ಷಗಟ್ಟಲೆ ಹರಿತವಾಗಿರುತ್ತದೆ, ಗ್ರೈಂಡರಿನ ಬಿಸಿಗೂ ಸುಲಭವಾಗಿ ಜಗ್ಗುವುದಿಲ್ಲ. ತರಕಾರಿಗೆ ಬಹಳ ಒಳ್ಳೆಯದು. ಆದರೆ ಪೆಡಸು ಉಕ್ಕು. ಅದರಲ್ಲಿ ತೆಂಗಿನಕಾಯಿ ಕುಟ್ಟುವುದು, ದಂಟು ಕಡಿಯುವುದು ಬೇಡ, ಎರಡು ತುಂಡಾಗುತ್ತದೆ.

ಫೋನಿನಲ್ಲಿ ತರಿಸುವ ಮಡಚುವ ಚಾಕು ಇತ್ತೀಚಿನದು. ಚಾಕು ಕೂಡಿಡುವುದನ್ನೇ ಹವ್ಯಾಸ ಮಾಡಿಕೊಂಡವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಒಂದೊಂದಕ್ಕೆ ಸಾವಿರಾರು ರೂಪಾಯಿ ಕೊಡುತ್ತಾರೆ. ಅವರ ದೂರುಗಳೂ ನಮ್ಮವೇ: ಉಕ್ಕಿನ ಹೆಸರು ದೊಡ್ಡದು ಹದ ಸಾಲದು, ಅಲಗು ಅಲ್ಲಾಡುತ್ತದೆ, ಹಿಡಿ ಕೈಗೆ ಒತ್ತುತ್ತದೆ. 1884ರಿಂದ ನಡೆಯುತ್ತಿರುವ ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಜೇಬುಚಾಕು ಅತಿ ಗಟ್ಟಿ ಉಕ್ಕಿನದಲ್ಲ. ಸುಲಭವಾಗಿ ಮಸೆಯಲು ಬರುವ ಮಧ್ಯಮ ಹದದ್ದು, ಅದಕ್ಕೇ ಜನಕ್ಕೆ ಒಗ್ಗಿದೆ. ಕೊಟ್ಟಿಗೆಯಲ್ಲಿ ಚಾಕು ಬೇಕಾಗುವುದು ಮುಖ್ಯವಾಗಿ ಒಂದು ಹೊತ್ತಿಗೆ, ಹಸುವಿನ ಕುತ್ತಿಗೆಗೆ ಹಗ್ಗ ಸುತ್ತಿಕೊಂಡು ಉಸಿರು ಕಟ್ಟಿದಾಗ. ಆಗ ಮಡಚುವ ಚಾಕುವಿನ ಬೀಗ ಸಡಿಲವಿದ್ದರೆ ಅಲಗು ನಿಮ್ಮ ಬೆರಳ ಮೇಲೆಯೇ ಮುಚ್ಚಿಕೊಳ್ಳುತ್ತದೆ. ಮಡಚದ ಒಂದು ಸಣ್ಣ ಚಾಕುವನ್ನು ಒರೆಯೊಳಗಿಟ್ಟು, ಮಕ್ಕಳ ಕೈಗೆಟುಕದಂತೆ ಕೊಟ್ಟಿಗೆಯ ಬಾಗಿಲ ಮೇಲೆ ಇಡಿ.

ಚಕ್ಕೆ ಹಸುವಿನ ಹೊಟ್ಟೆಗೆ ಹೋದರೆ

ಖಾಲಿ ಸೈಟು, ಲೇಔಟಿನ ಅಂಚು, ಕೆರೆ ಅಂಗಳದಲ್ಲಿ ಹುಲ್ಲು ಕೊಯ್ಯುವವರು ನಮ್ಮಲ್ಲಿ ಅನೇಕರು. ಅಲ್ಲಿ ಹುಲ್ಲಿನೊಳಗೆ ಜಲ್ಲಿ, ಗಾಜು, ಕಂಬಿ ಕಟ್ಟುವ ತಂತಿ ಅಡಗಿರುತ್ತವೆ. ಪೆಡಸು ಕುಡುಗೋಲು ಜಲ್ಲಿಗೆ ತಗುಲಿದರೆ ಅಂಚಿನ ಚಕ್ಕೆ ಹುಲ್ಲಿನ ಹೊರೆಯೊಳಗೆ ಸೇರುತ್ತದೆ. ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ, ಬಾಚಿ ನುಂಗುತ್ತದೆ. ನುಂಗಿದ ಲೋಹದ ಚೂರು ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆ ಹಿಂಡಿದಾಗಲೆಲ್ಲ ಚೂರು ಗೋಡೆಗೆ ಚುಚ್ಚುತ್ತದೆ, ಕೆಲವೊಮ್ಮೆ ಮುಂದೆ ಸರಿದು ಹೃದಯದ ಚೀಲವನ್ನೇ ತಲಪುತ್ತದೆ. ಹಾಲು ಒಮ್ಮೆಲೇ ಇಳಿಯುವುದು, ಮೇವು ಬಿಡುವುದು, ಬೆನ್ನು ಬಿಲ್ಲಿನಂತೆ ಮಾಡಿ ಮೊಣಕೈ ಹೊರಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ಹೆಜ್ಜೆ ಇಡಲು ಹಿಂಜರಿಯುವುದು, ಆಮೇಲೆ ಎದೆಯ ಕೆಳಗೆ ಬಾವು ಬರುವುದು ಇದರ ಗುರುತು. ಬಾವು ಬರುವವರೆಗೆ ಕಾಯಬೇಡಿ, ಮೊದಲ ದಿನವೇ ಪಶುವೈದ್ಯರನ್ನು ಕರೆಸಿ.

ಸ್ಪೀಕರಿನ ಅಯಸ್ಕಾಂತಕ್ಕೆ ಇಲ್ಲಿ ಎರಡನೇ ಕೆಲಸವಿದೆ. ಅದನ್ನು ಗೋದಲಿಗೆ ಹಾಕುವ ಮೊದಲು ಮೇವಿನ ಮೇಲೆ ಆಡಿಸಿ. ಸ್ಟೀಲ್ ಕುಡುಗೋಲಿನ ಇನ್ನೊಂದು ದೋಷ ಈಗ ಹೊಳೆಯಬಹುದು: ಅಯಸ್ಕಾಂತ ಅಂಟದ ಅಲಗಿನ ಚೂರನ್ನು ಅಯಸ್ಕಾಂತ ಹಿಡಿಯುವುದೂ ಇಲ್ಲ. ಸಂಜೆ ಕುಡುಗೋಲು ಒರೆಸುವಾಗ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹೊಸ ಚಕ್ಕೆ ಎದ್ದಿದ್ದರೆ ಅಂದಿನ ಹೊರೆಯನ್ನು ಕೊಡವಿಯೇ ಹಾಕಿ.

ಮೇವು ಕತ್ತರಿಸುವ ಯಂತ್ರದ ಬ್ಲೇಡಿಗೂ ಇದೇ ಮಾತು ಅನ್ವಯ. ಅಗ್ಗದ ಬದಲಿ ಬ್ಲೇಡು ಮೊಂಡಾದರೆ ಯಂತ್ರ ಮೇವನ್ನು ಕತ್ತರಿಸದೆ ಜಗಿಯುತ್ತದೆ, ನೀವು ಕೈಯಿಂದ ಒತ್ತಿ ತಳ್ಳಲು ಹೋಗುತ್ತೀರಿ. ಬೆರಳು ಹೋಗುವುದು ಆ ಗಳಿಗೆಯಲ್ಲಿ. ಬ್ಲೇಡುಗಳನ್ನು ಜೋಡಿಯಾಗಿಯೇ ಬದಲಿಸಿ, ತೂಕ ಒಂದೇ ಇರಲಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ಬೋಲ್ಟ್ ಮುಟ್ಟಿ.

ಕೊನೆಗೆ ಹಿಡಿಯ ಮಾತು. ಹೆಚ್ಚಿನ ಕುಡುಗೋಲಿನ ಹಿಡಿ ಗಂಡಸಿನ ಅಂಗೈಗೆ ಮಾಡಿದ್ದು. ಹಿಡಿದಾಗ ನಿಮ್ಮ ಹೆಬ್ಬೆರಳು ನಡುಬೆರಳಿನ ತುದಿಯನ್ನು ಮುಟ್ಟಬೇಕು. ಮುಟ್ಟದಿದ್ದರೆ ದಪ್ಪವಾಯಿತು, ಮಣಿಕಟ್ಟು ಬೇಗ ಸೋಲುತ್ತದೆ. ಅದಕ್ಕೇ ಕೊಳ್ಳಲು ನೀವೇ ಹೋಗಬೇಕು. ಇನ್ನೂ ಒಳ್ಳೆಯದೆಂದರೆ ಡೇರಿಗೆ ಹಾಲು ಹಾಕುವ ಹತ್ತಿಪ್ಪತ್ತು ಜನ ಸೇರಿ ಹೊಸಕೋಟೆಯೋ, ಆನೇಕಲ್ಲೋ, ನೆಲಮಂಗಲವೋ, ಹತ್ತಿರದಲ್ಲಿ ಉಳಿದಿರುವ ಕುಲುಮೆಗೆ ಹೋಗಿ. ಮೊದಲು ಒಂದೇ ಕುಡುಗೋಲು ಮಾಡಿಸಿ, ಹದಿನೈದು ದಿನ ಸರದಿಯಂತೆ ಕೊಯ್ದು ನೋಡಿ. ಅಂಚು ಮಡಚಿದರೂ ಚಕ್ಕೆ ಎದ್ದರೂ ಅದನ್ನೇ ಕಮ್ಮಾರರಿಗೆ ತೋರಿಸಿ. ಮಡಚಿದರೆ ಹದ ಇಳಿದಿದೆ, ಚಕ್ಕೆ ಎದ್ದರೆ ಹದ ಏರಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಸರಿಯಾದ ಮೇಲೆ ಉಳಿದವನ್ನು ಹೇಳಿ. ರಾಗಿ ಕೊಯ್ಲು ಶುರುವಾದರೆ ಕುಲುಮೆಯ ಮುಂದೆ ಜನ ಸಾಲುಗಟ್ಟುತ್ತಾರೆ, ಹದಕ್ಕೆ ಬೇಕಾದ ವ್ಯವಧಾನ ಯಾರಿಗೂ ಇರುವುದಿಲ್ಲ. ಹಾಗಾಗಿ ಅಕ್ಟೋಬರ್ ಮುಗಿಯುವುದರೊಳಗೆ ಹೋಗಿ ಬನ್ನಿ.