ರಾಳದಲ್ಲಿ ಸೆರೆಯಾದ ಗಾಳಿ

ಸ್ಫಟಿಕದಂತೆ ತಿಳಿಯಾದ ರಾಳದ ಗಟ್ಟಿಯೊಳಗೆ ಜೀರುಂಡೆಯನ್ನೋ ಹೂವನ್ನೋ ಹುದುಗಿಸಿಟ್ಟಿರುವುದನ್ನು ವಾಚಕರು ನೋಡಿರಬಹುದು. ಎಪಾಕ್ಸಿ ಎಂಬ ಕೃತಕ ರಾಳಕ್ಕೆ ಹಾರ್ಡನರನ್ನು ಬೆರೆಸಿ ಅಚ್ಚಿಗೆ ಎರೆದರೆ ಅದು ಕ್ರಮೇಣ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕೆಲಸ ಸುಲಭವೆಂದೇ ನಾವೂ ಭಾವಿಸಿದ್ದೆವು. ಆದರೆ ಮೊದಲ ಪ್ರಯತ್ನದಲ್ಲಿ, ಬೆಳಗಾಗುವಷ್ಟರಲ್ಲಿ, ನಮ್ಮ ಜೀರುಂಡೆಯ ಮೈತುಂಬ ಬೆಳ್ಳಿಯ ಮಣಿಗಳಂತೆ ಗುಳ್ಳೆಗಳು ಅಂಟಿಕೊಂಡಿದ್ದುವು. ಗಟ್ಟಿಯಾದ ಎಪಾಕ್ಸಿಯನ್ನು ಮತ್ತೆ ಕರಗಿಸಿ ಎರೆಯುವಂತಿಲ್ಲ. ಅಪರೂಪವಾದ ಆ ಮಾದರಿ ಕೈತಪ್ಪಿದಂತೆಯೇ ಆಯಿತು.

ಈ ಗಾಳಿ ಎಲ್ಲಿಂದ ಬಂತು? ಸ್ವಲ್ಪ ಭಾಗ ಕಲಕುವಾಗ ಸೇರಿದುದು. ಮಿಕ್ಕುದು ಒಣಗಿದ ಕೀಟದ ಒಳಗಿನಿಂದಲೇ ಹೊರಟುದು. ಗಾಳಿ ರಾಳಕ್ಕಿಂತ ಹಗುರವಷ್ಟೆ. ಹಾಗಾದರೆ ಅದು ತಾನಾಗಿ ಮೇಲಕ್ಕೇರಿ ಏಕೆ ಹೋಗಲಿಲ್ಲ?

ಇದಕ್ಕೆ ಉತ್ತರ ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ಪ್ರಕಟಿಸಿದ ನಿಯಮದಲ್ಲಿದೆ. ದ್ರವದಲ್ಲಿ ಚಿಕ್ಕ ಗುಳ್ಳೆ ಏರುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿಯೂ, ದ್ರವದ ಸ್ನಿಗ್ಧತೆಗೆ, ಎಂದರೆ ಹರಿಯಲು ಅದು ಒಡ್ಡುವ ತಡೆಗೆ, ವಿಲೋಮವಾಗಿಯೂ ಇರುತ್ತದೆ. ನೀರಿನ ಸಾವಿರದಷ್ಟು ಸ್ನಿಗ್ಧತೆಯುಳ್ಳ ರಾಳವನ್ನು 5 ಸೆಂಟಿಮೀಟರ್ ಆಳಕ್ಕೆ ಎರೆದಿದ್ದೇವೆಂದು ಭಾವಿಸೋಣ. ಲೆಕ್ಕದ ಪ್ರಕಾರ, 1 ಮಿಲಿಮೀಟರ್ ವ್ಯಾಸದ ಗುಳ್ಳೆ ತಳದಿಂದ ಮೇಲಕ್ಕೆ ಬರಲು ಸುಮಾರು ಒಂದೂವರೆ ನಿಮಿಷ ಸಾಕು. ಅದರ ಹತ್ತನೆಯ ಒಂದರಷ್ಟು ವ್ಯಾಸದ ಗುಳ್ಳೆಗೆ ಇದರ ನೂರರಷ್ಟು ಕಾಲ, ಎಂದರೆ ಎರಡು ಗಂಟೆಗೂ ಮಿಕ್ಕಿ ಬೇಕು! ಅಷ್ಟರಲ್ಲಿ ರಾಳ ಮಂದವಾಗಿ ಗುಳ್ಳೆಯ ದಾರಿಯೇ ಮುಚ್ಚಿಹೋಗಬಹುದು.

ರಾಳದ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ತುಸು ಬೆಚ್ಚಗೆ ಮಾಡಿದರೆ ಸ್ನಿಗ್ಧತೆ ಇಳಿಯುವುದೇನೋ ನಿಜ. ಆದರೆ ಶಾಖದಿಂದ ಗಟ್ಟಿಯಾಗುವ ಕ್ರಿಯೆಯೂ ತ್ವರಿತಗೊಳ್ಳುತ್ತದೆ. ಆದುದರಿಂದ ಹಾರ್ಡನರನ್ನು ಬೆರೆಸುವುದಕ್ಕೆ ಮೊದಲೇ ರಾಳವನ್ನು ಮಿತವಾಗಿ ಬೆಚ್ಚಗೆ ಮಾಡುವುದು ಲೇಸು.

ಇನ್ನುಳಿದ ಮುಖ್ಯ ಉಪಾಯಗಳು ಎರಡು. ಅವು ಪರಸ್ಪರ ವಿರುದ್ಧವಾದುವು. ಒಂದು, ಗುಳ್ಳೆಯನ್ನು ಹಿಗ್ಗಿಸುವುದು. ಬೆರೆಸಿದ ರಾಳವನ್ನು ಗಾಳಿ ಹೊರದೂಡುವ ಪಂಪಿಗೆ ಜೋಡಿಸಿದ ಪಾತ್ರೆಯಲ್ಲಿಟ್ಟು, ಒತ್ತಡವನ್ನು ವಾಯುಮಂಡಲದ ಒತ್ತಡದ 30ನೆಯ ಒಂದು ಪಾಲಿಗೆ ಇಳಿಸಿದರೆ, ಬಾಯ್ಲನ ನಿಯಮದಂತೆ ಗುಳ್ಳೆಯ ಗಾತ್ರ 30 ಪಟ್ಟಾಗುತ್ತದೆ. ವ್ಯಾಸ ಮೂರು ಪಟ್ಟು ಮೀರುತ್ತದೆ. ಏರುವ ವೇಗ ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಎರಡು ಗಂಟೆಯ ಪಯಣ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆಗ ರಾಳ ಹಾಲಿನಂತೆ ಉಕ್ಕಿಬರುವುದರಿಂದ ಅದು ಬೋಗುಣಿಯ ಕಾಲುಭಾಗ ಮಾತ್ರ ಇರಬೇಕು.

ಎರಡನೆಯದು, ಗುಳ್ಳೆಯನ್ನು ಕುಗ್ಗಿಸುವುದು. ಎರೆದ ಅಚ್ಚನ್ನು ವಾಯುಮಂಡಲದ ನಾಲ್ಕು ಪಟ್ಟು ಒತ್ತಡದಲ್ಲಿಟ್ಟರೆ ಗುಳ್ಳೆಯ ಗಾತ್ರ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಅಷ್ಟೇ ಅಲ್ಲ, ಒತ್ತಡ ಹೆಚ್ಚಿದಂತೆ ಅನಿಲ ದ್ರವದಲ್ಲಿ ಹೆಚ್ಚಾಗಿ ಕರಗುವುದರಿಂದ, ಸಣ್ಣ ಗುಳ್ಳೆಗಳು ಕಣ್ಣಿಗೆ ಕಾಣದಂತೆಯೇ ಆಗುತ್ತವೆ. ಆದರೆ ರಾಳ ಗಟ್ಟಿಯಾಗುವವರೆಗೂ ಒತ್ತಡವನ್ನು ಸಡಿಲಿಸಕೂಡದು. ಗೋಲಿಸೋಡಾದ ಗೋಲಿಯನ್ನು ಒತ್ತಿದೊಡನೆ ಏನಾಗುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು.

ಇವೆರಡಕ್ಕೂ ಅದಕ್ಕೆಂದೇ ತಯಾರಿಸಿದ ಪಾತ್ರೆಗಳೇ ಬೇಕು. ಅಡಿಗೆಮನೆಯ ಕುಕ್ಕರನ್ನೋ ಉಪ್ಪಿನಕಾಯಿಯ ಗಾಜಿನ ಭರಣಿಯನ್ನೋ ಬಳಸಿದರೆ ಅದು ಸಿಡಿದು ಕಣ್ಣಿಗೇ ಅಪಾಯವಾದೀತು. ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಸಮ್ಮುಖದಲ್ಲಿಯೇ, ಕೈಚೀಲ ತೊಟ್ಟು, ಗಾಳಿಯಾಡುವೆಡೆಯಲ್ಲಿ ಈ ಕೆಲಸಕ್ಕೆ ತೊಡಗಬೇಕು.

ಪಂಪು ದೊರೆಯದವರೂ ನಿರಾಶರಾಗಬೇಕಾಗಿಲ್ಲ. ನಿಧಾನವಾಗಿ ಕಲಕಿರಿ. ಪೂರ್ತಿ ಒಣಗಿದ ಮಾದರಿಗೆ ಮೊದಲು ಕುಂಚದಿಂದ ತೆಳುವಾಗಿ ರಾಳವನ್ನು ಸವರಿ ಒಣಗಲು ಬಿಡಿರಿ. ಅದರೊಳಗಿನ ಗಾಳಿಯ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಎರೆಯುವಾಗ ತುಸು ಎತ್ತರದಿಂದ ನೂಲಿನಂಥ ಧಾರೆಯಾಗಿ ಸುರಿಯಿರಿ. ಧಾರೆ ಎಳೆದುಕೊಳ್ಳುವಾಗ ಅದರಲ್ಲಿನ ಅನೇಕ ಗುಳ್ಳೆಗಳು ಒಡೆಯುತ್ತವೆ.

ಎರಡನೆಯ ಬಾರಿ ನಾವು ಇಷ್ಟನ್ನೇ ಪಾಲಿಸಿದೆವು. ಜೀರುಂಡೆಯ ಕಾಲಿನ ಬಳಿ ಒಂದೇ ಒಂದು ಗುಳ್ಳೆ ಉಳಿಯಿತು. ವಾಚಕರು ಮೊದಲು ಬರಿಯ ರಾಳವನ್ನೂ, ಆಮೇಲೆ ಅಂಗಳದ ಯಾವುದಾದರೂ ಒಣಗಿದ ಎಲೆಯನ್ನೂ ಎರಕ ಹೊಯ್ದು ಕೈ ಪಳಗಿಸಿಕೊಳ್ಳಲಿ. ಅಪರೂಪದ ಮಾದರಿಯ ಸರದಿ ಅನಂತರ ಬರಲಿ.