ಬೆರಳು ತೋರುವ ಪದಗಳು

ಹತ್ತಿರದ ವಸ್ತುವನ್ನು ತೋರಲು ‘ಇದು’ ಎನ್ನುತ್ತೇವೆ, ದೂರದ್ದನ್ನು ತೋರಲು ‘ಅದು’ ಎನ್ನುತ್ತೇವೆ. ಹಳಗನ್ನಡದಲ್ಲಿ ಇವೆರಡರ ನಡುವಣ ವಸ್ತುವಿಗೆ ‘ಉದು’ ಎಂಬ ಮೂರನೆಯ ರೂಪವೂ ಇದ್ದಿತು. ಬೆರಳಿನ ಕೆಲಸವನ್ನು ನಾಲಗೆಯಿಂದ ಮಾಡಿಸುವ ಇಂಥ ಪದಗಳಿಗೆ ನಿರ್ದೇಶಕಗಳೆಂದು ಹೆಸರು. ಇಂಗ್ಲಿಷಿನಲ್ಲಿ ಮುಖ್ಯವಾದವು ನಾಲ್ಕು: ದಿಸ್, ದ್ಯಾಟ್, ದೀಸ್, ದೋಸ್. ಇವು ಎಲ್ಲಿ ಸರ್ವನಾಮ, ಎಲ್ಲಿ ವಿಶೇಷಣ ಎಂದು ಗುರುತಿಸುವುದು ನಮ್ಮ ಮಕ್ಕಳಿಗೆ ಕಗ್ಗಂಟು. ಅದನ್ನು ಬಿಡಿಸುವ ಎಳೆ ಕನ್ನಡದಲ್ಲಿಯೇ ಇದೆಯೆಂಬುದು ನನಗೆ ತಡವಾಗಿ ಹೊಳೆಯಿತು. ಆ ತಡದ ಬೆಲೆಯನ್ನು ತೆತ್ತವನು ಒಬ್ಬ ಹುಡುಗ.

1980ರ ದಶಕದ ಮಾತು. ಕಾಲೇಜು ಸೇರುವ ಮೊದಲು ರಾಯಬಾಗ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಕೆಲವು ತಿಂಗಳು ಪಾಠ ಹೇಳಿದೆ. ಇಂಗ್ಲಿಷ್ ಶಿಕ್ಷಕರಿಲ್ಲದ ಕಾರಣ ಕನ್ನಡ ಎಂ.ಎ. ಆದ ನನ್ನ ಪಾಲಿಗೆ ಆ ತಾಸೂ ಬಂದಿತು. ಒಂದು ದಿನ ಒಕ್ಕಲು ಮನೆತನದ ಹುಡುಗನೊಬ್ಬ ಹಲಗೆಯ ಮೇಲೆ ‘ದಿಸ್ ಬುಲಕ್ಸ್’ ಎಂದು ಬರೆದ. ತಪ್ಪೆಂದು ಹೇಳಿದೆ. ಅವನು ತಿರುಗಿ, “ಈ ಎತ್ತು, ಈ ಎತ್ತಗೋಳು ಅಂತೀವಲ್ರಿ ಸರ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನಕ್ಕುಬಿಟ್ಟೆ, ತರಗತಿಯೆಲ್ಲ ನಕ್ಕಿತು. ಆ ಮೇಲೆ ಅವನು ನನ್ನ ತಾಸಿನಲ್ಲಿ ಕೈ ಎತ್ತಲಿಲ್ಲ.

ಅವನ ಪ್ರಶ್ನೆಯಲ್ಲಿ ವ್ಯಾಕರಣವೇ ಇದ್ದಿತು. ಕನ್ನಡದ ‘ಈ’, ‘ಆ’ಗಳು ಲಿಂಗಕ್ಕಾಗಲಿ ವಚನಕ್ಕಾಗಲಿ ಬದಲಾಗವು. ಈ ಎತ್ತು, ಈ ಎತ್ತುಗಳು; ಈ ಹುಡುಗ, ಈ ಹುಡುಗಿ. ಇಂಗ್ಲಿಷಿನಲ್ಲಿಯೂ ಸಾಮಾನ್ಯವಾಗಿ ವಿಶೇಷಣ ಬದಲಾಗುವುದಿಲ್ಲ. ಒಬ್ಬ ಹುಡುಗನೂ ಗುಡ್, ಹತ್ತು ಹುಡುಗರೂ ಗುಡ್. ದಿಸ್ ಎಂಬುದು ದೀಸ್ ಆಗುವುದು, ದ್ಯಾಟ್ ಎಂಬುದು ದೋಸ್ ಆಗುವುದು ಅಲ್ಲಿ ಅಪವಾದ. ಅದೇ ತರಗತಿಯಲ್ಲಿ ಮರಾಠಿ ಮನೆಮಾತಿನ ಮಕ್ಕಳಿದ್ದರು. ಮರಾಠಿಯಲ್ಲಿ ಒಂದು ಎತ್ತಾದರೆ ‘ಹಾ ಬೈಲ’, ಹಲವಾದರೆ ‘ಹೇ ಬೈಲ’. ಅಲ್ಲಿ ಎತ್ತಿನ ಹೆಸರು ಹಾಗೆಯೇ ಉಳಿದು, ತೋರುವ ಪದವೇ ವಚನವನ್ನು ಹೇಳುತ್ತದೆ. ಪಕ್ಕದ ಬೆಂಚಿನ ಗೆಳೆಯನ ಮಾತನ್ನು ತೋರಿಸಿದ್ದರೆ ದೀಸ್ ಎಂಬುದರ ಮರ್ಮ ಅವನಿಗೆ ಒಡನೆಯೇ ತಿಳಿಯುತ್ತಿತ್ತು.

ಆದರೆ ಸರ್ವನಾಮ, ವಿಶೇಷಣಗಳನ್ನು ಬೇರ್ಪಡಿಸುವಲ್ಲಿ ಕನ್ನಡದ ಮಗುವಿಗೇ ಹೆಚ್ಚಿನ ಅನುಕೂಲ. ಇಂಗ್ಲಿಷ್, ಮರಾಠಿಗಳಲ್ಲಿ ಎರಡೂ ಕೆಲಸಕ್ಕೆ ಒಂದೇ ಪದ. ಕನ್ನಡ ಎರಡು ಪದಗಳನ್ನಿಟ್ಟಿದೆ. ‘ಆ’ ಎಂಬುದು ನಾಮಪದದ ಆಸರೆಯಿಲ್ಲದೆ ನಿಲ್ಲದು; ‘ಅದು’ ತಾನೇ ನಾಮಪದದ ಸ್ಥಾನದಲ್ಲಿ ನಿಲ್ಲುತ್ತದೆ. ‘ಆ ಮನೆ’ ಎಂದರೆ ಮುಂದೇನೆಂದು ಕೇಳುವವರು ಕಾಯುತ್ತಾರೆ. ‘ಅದು ಮನೆ’ ಎಂದರೆ ವಾಕ್ಯ ಮುಗಿಯಿತು.

ಹತ್ತಿರದಲ್ಲಿ ನಾಮಪದವಿದ್ದರೆ ವಿಶೇಷಣ ಎಂಬ ಸೂತ್ರವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ‘ದ್ಯಾಟ್ ಈಸ್ ಎ ಬಿಗ್ ಹೌಸ್’ ಎಂಬಲ್ಲಿ ಹೌಸ್ ಕಂಡೊಡನೆ ವಿಶೇಷಣವೆಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಕನ್ನಡದಲ್ಲಿ ಹೇಳಿ ನೋಡಿದರೆ ಸಂದೇಹವಿಲ್ಲ: ‘ಅದು ದೊಡ್ಡ ಮನೆ.’ ‘ಅದು’ ಬಂದಿತು, ಸರ್ವನಾಮ. ‘ದ್ಯಾಟ್ ಬಿಗ್ ಹೌಸ್ ಈಸ್ ಅವರ್ಸ್’ ಎಂದರೆ ‘ಆ ದೊಡ್ಡ ಮನೆ ನಮ್ಮದು.’ ‘ಆ’ ಬಂದಿತು; ನಡುವೆ ಬೇರೆ ಪದವಿದ್ದರೂ ವಿಶೇಷಣ. ‘ಐ ನೋ ದ್ಯಾಟ್ ಹಿ ಕೇಮ್’ ಎಂಬುದನ್ನು ‘ಅವನು ಬಂದನೆಂದು ಬಲ್ಲೆ’ ಎನ್ನುತ್ತೇವೆ. ಇಲ್ಲಿ ಆ, ಅದು ಎರಡೂ ಬರಲಿಲ್ಲ, ‘ಎಂದು’ ಬಂದಿತು. ಆ ದ್ಯಾಟ್ ಏನನ್ನೂ ತೋರುತ್ತಿಲ್ಲ, ಎರಡು ವಾಕ್ಯಗಳನ್ನು ಜೋಡಿಸುತ್ತಿದೆ.

ಇಷ್ಟನ್ನು ಕಂಡುಕೊಳ್ಳಲು ನನಗೆ ವರ್ಷಗಳು ಹಿಡಿದವು. ಕನ್ನಡವನ್ನೇ ಓದಿದವನಾದರೂ ಇಂಗ್ಲಿಷ್ ಪಾಠಕ್ಕೆ ನಿಂತಾಗ ಅದನ್ನು ಬಾಗಿಲ ಹೊರಗೆ ಬಿಟ್ಟು ಹೋಗಿದ್ದೆ. ಹುಡುಗ ಒಳಗೆ ತಂದಾಗ ನಕ್ಕೆ. ಇಂದು ಈ ಗಡಿ ತಾಲೂಕುಗಳಲ್ಲಿ ಇಂಗ್ಲಿಷ್ ಕಲಿಸುವ ತರುಣ ಮಿತ್ರರಲ್ಲಿ ನನ್ನದೊಂದು ವಿನಂತಿ. ಸೂತ್ರ ಹೇಳುವ ಮುನ್ನ ‘ಆ ಮನೆ’, ‘ಅದು ಮನೆ’ ಎಂದು ಹಲಗೆಯ ಮೇಲೆ ಬರೆಯಿರಿ. ಮರಾಠಿ ಬಲ್ಲ ಮಗುವಿನಿಂದ ‘ಹಾ ಬೈಲ’, ‘ಹೇ ಬೈಲ’ ಎಂದು ಹೇಳಿಸಿರಿ. ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅಂದು ನಾನು ಕೊಡದ ಉತ್ತರ ಇದೇ ಆಗಿತ್ತು.